ನಾಳಿನ ಬಿತ್ತಿಗೆ: ತೊರಗಲ್ ಸೀಮೆಯ ರೈತ ಕಂಡ ಮುಂದಿನ ಕಾಲ

ಕಾರಹುಣ್ಣಿಮೆಯ ಸಂಜೆ ತೊರಗಲ್ ಸೀಮೆಯ ಹಳ್ಳಿಗಳಲ್ಲಿ ಅಗಸಿಯ ಮುಂದೆ ಊರಿಗೆ ಊರೇ ಸೇರುತ್ತದೆ. ಬೇವಿನ ತಪ್ಪಲು ಕಟ್ಟಿದ ಹಗ್ಗ ಅಗಸಿಗೆ ಅಡ್ಡ ತೂಗಿರುತ್ತದೆ. ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆಸರ, ಮೈಮೇಲೆ ಜೂಲು ಹೊದ್ದ ಎತ್ತುಗಳು ಕೇಕೆಯ ನಡುವೆ ಓಡಿ ಬರುತ್ತವೆ. ಮೊದಲು ಕರಿ ಹರಿದ ಎತ್ತು ಯಾವ ಬಣ್ಣದ್ದು ಅನ್ನುವುದೇ ಆ ವರ್ಷದ ಮಾತು. ಬಿಳಿ ಎತ್ತು ಹರಿದರೆ ಹಿಂಗಾರಿ ಚಲೋ, ಬಿಳಿಜೋಳ ಕೈ ಹಿಡಿಯುತ್ತದೆ. ಕೆಂದೆತ್ತು ಹರಿದರೆ ಮುಂಗಾರಿ ಪೀಕು ಮೇಲು. ಪಕ್ಕದ ಧಾರವಾಡ ತಾಲ್ಲೂಕಿನ ಹನುಮನಕೊಪ್ಪದಲ್ಲಿ ಯುಗಾದಿಯ ಹೊತ್ತಿಗೆ ತುಪರಿಹಳ್ಳದ ದಂಡೆಯ ಮೇಲೆ ಮಣ್ಣಿನ ಆಕೃತಿ ಮಾಡಿ, ಸುತ್ತ ಎಲೆಗಳಲ್ಲಿ ಕಾಳು ಇಟ್ಟು ಬರುತ್ತಾರೆ. ಬೆಳಗಾದ ಮೇಲೆ ಅವು ಇದ್ದ ಸ್ಥಿತಿ ನೋಡಿ ಮಳೆ, ಬೆಳೆ, ರಾಜ್ಯಭಾರ ಮೂರನ್ನೂ ಓದುತ್ತಾರೆ.

ಇವನ್ನು ಬರೀ ನಂಬಿಕೆ ಎಂದು ಬದಿಗೆ ಸರಿಸುವವರು ಒಂದು ಸಂಗತಿಯನ್ನು ಗಮನಿಸುವುದಿಲ್ಲ. ಬಿಳಿ ಎತ್ತು ಕರಿ ಹರಿದ ವರ್ಷ ಮುಂಗಾರಿ ಬಿತ್ತದೆ ಹೊಲ ಬೀಳುಬಿಟ್ಟ ಊರಿಲ್ಲ. ಹೇಳಿಕೆಯನ್ನು ಶ್ರದ್ಧೆಯಿಂದ ಕೇಳಿದ ರೈತ, ಮನೆಗೆ ಬಂದು ಎರಡೂ ಹಂಗಾಮಿನ ಬೀಜ ತೆಗೆದಿಡುತ್ತಾನೆ. ಮುಂದಿನ ಕಾಲ ಹೀಗೇ ಬರುತ್ತದೆ ಎಂದು ಒಂದೇ ದಾರಿ ಹಿಡಿಯದೆ, ಹೇಗೆ ಬಂದರೂ ಒಂದಿಷ್ಟು ಕಾಳು ಮನೆಗೆ ಬರಬೇಕೆಂದು ಹವಣಿಸುವುದು ಈ ಸೀಮೆಯ ಒಕ್ಕಲುತನದ ಹಳೆಯ ಜಾಣತನ. ಕಳೆದ ನೂರೆಂಬತ್ತು ವರ್ಷಗಳಲ್ಲಿ ಹೊರಗಿನಿಂದ ಇಲ್ಲಿಗೆ ಬಂದ ದೊಡ್ಡ ಯೋಜನೆಗಳೆಲ್ಲ ರೈತನಿಗೆ ಒಂದೇ ನಾಳೆಯನ್ನು ತೋರಿಸಿದವು. ಹತ್ತಿ, ಕೆನಾಲು, ಸಂಕರ ತಳಿ, ಕಬ್ಬು ಹೀಗೆ ಒಂದಾದ ಮೇಲೊಂದು ಬಂದವು. ರೈತ ಅವುಗಳಲ್ಲಿ ಕೆಲವನ್ನು ಮನಸಾರೆ ನಂಬಿದ, ಕೆಲವುಗಳಿಂದ ಗಳಿಸಿದ, ಕೆಲವುಗಳ ಬೆಲೆ ತೆತ್ತ. ಅವನ ಸ್ವಂತ ಕಲ್ಪನೆಯಲ್ಲಿ ಇದ್ದ ನಾಳೆ ಯಾವುದು ಎಂದು ಕೇಳುವ ಪದ್ಧತಿ ಮಾತ್ರ ಬೆಳೆಯಲಿಲ್ಲ. ಈ ದತ್ತಿ ಉಪನ್ಯಾಸದ ವಿಷಯ ಅದೇ.

ಶಾಸನಗಳು ತೊರಗಲೆ ಆರುಸಾವಿರ ಎಂದು ಕರೆದ ನಾಡಿನ ನಡುಭಾಗ ಇಂದಿನ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲಿದೆ. ಭೂತನಾಥ ಗುಡಿ ಮತ್ತು ಕೋಟೆ ಇರುವ ತೊರಗಲ್ಲು ರಾಮದುರ್ಗ ತಾಲ್ಲೂಕಿನ ಊರು. ಇಡೀ ಸೀಮೆಯನ್ನು ಹೊಲಿದಿಟ್ಟಿರುವುದು ಮಲಪ್ರಭೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಹೊಳೆ 300 ಕಿಲೋಮೀಟರಿಗೂ ತುಸು ಹೆಚ್ಚು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಹುಟ್ಟಿದಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ, ಸವದತ್ತಿ-ರಾಮದುರ್ಗಕ್ಕೆ ಬರುವ ಹೊತ್ತಿಗೆ 600ರ ಆಸುಪಾಸು. ಕಿತ್ತೂರಿನ ಪಡುವಣ ಹಳ್ಳಿಗಳಲ್ಲಿ ಭತ್ತದ ಗದ್ದೆ ಕಾಣುತ್ತದೆ. ಬೈಲಹೊಂಗಲದ ಎರೆ ಹೊಲಗಳಲ್ಲಿ ಹತ್ತಿ, ಸೋಯಾಬಿನ್, ಕಡಲೆ. ಸವದತ್ತಿ ದಾಟಿದರೆ ಬಿಳಿಜೋಳ, ಹೆಸರು, ಗೋವಿನಜೋಳ. ರಾಮದುರ್ಗದ ಗುಡ್ಡಗಾಡಿನ ಮಸಾರಿಯಲ್ಲಿ ಸಜ್ಜೆ, ಶೇಂಗಾ. ಒಂದು ದಿನದ ಬಸ್ ಪ್ರಯಾಣದೊಳಗೆ ನಾಲ್ಕು ಬಗೆಯ ಬೇಸಾಯ ಸಿಗುವ ಇಂಥ ನಾಡಿಗೆ ಒಂದೇ ಭವಿಷ್ಯ ಹೊಂದುವುದು ಹೇಗೆ?

ಎರೆ ಭೂಮಿಯ ಒಕ್ಕಲುತನದಲ್ಲಿ ನಾಳೆಯ ಲೆಕ್ಕ ಹೇಗೆ ನಡೆಯುತ್ತಿತ್ತು ಅನ್ನುವುದನ್ನು ಹತ್ತಿರದಿಂದ ನೋಡಬೇಕಾದರೆ ಅಕ್ಕಡಿ ಸಾಲಿನ ಬಳಿ ನಿಲ್ಲಬೇಕು. ಎತ್ತಿನ ಕೂರಿಗಿಯ ಬಟ್ಟಲಿಗೆ ಒಬ್ಬಾಕೆ ಮುಖ್ಯ ಬೀಜ ಬಿಡುತ್ತ ನಡೆದರೆ, ಹಿಂದೆ ಹಗ್ಗ ಕಟ್ಟಿದ ಒಂಟಿ ಬಿದಿರ ನಳಿಗೆ ಹಿಡಿದು ಇನ್ನೊಬ್ಬಾಕೆ ಬೇರೆ ಕಾಳು ಬಿಡುತ್ತಾಳೆ. ಆರೆಂಟು ಸಾಲಿಗೊಂದು ತೊಗರಿ. ಅದರ ನಡುನಡುವೆ ಪುಂಡಿ, ಅಲಸಂದಿ, ಮಡಿಕಿ, ಎಳ್ಳು, ಗುರೆಳ್ಳು. ಹಿಂಗಾರಿ ಜೋಳದ ಹೊಲವಾದರೆ ಸುತ್ತಲೂ ಕುಸುಬಿ, ಒಳಗೆ ಅಲ್ಲಲ್ಲಿ ಕಡಲೆ, ಅಗಸಿ. ಕುಸುಬಿಯ ಮುಳ್ಳಿಗೆ ದನ ಒಳಗೆ ಕಾಲಿಡುವುದಿಲ್ಲ. ಎಣ್ಣೆಗೂ ಆಯಿತು, ಬೇಲಿಗೂ ಆಯಿತು. ಮಿರಗ, ಅರಿದ್ರಿ ಕೈಕೊಟ್ಟರೆ ಮೂರು ತಿಂಗಳ ಬೆಳೆ ಹೋಗುತ್ತದೆ, ಆದರೆ ಆಳವಾಗಿ ಬೇರಿಳಿಸಿದ ತೊಗರಿ ಉತ್ತರಿ, ಹಸ್ತದ ಮಳೆಗೆ ಮತ್ತೆ ಚಿಗುರುತ್ತದೆ. ಮಳೆ ಅತಿಯಾದರೆ ಎಳ್ಳು ಹೋಗುತ್ತದೆ, ಪುಂಡಿ ಉಳಿಯುತ್ತದೆ. ಯಾವುದು ಉಳಿದರೂ ಮನೆಯ ಗಡಿಗೆಯಲ್ಲಿ ಒಂದು ಕಾಳು ಇರುತ್ತದೆ.

ಈ ಸಾಲುಗಳಲ್ಲಿ ಯಾವ ಕಾಳು ಎಷ್ಟು ಎಂದು ತೀರ್ಮಾನಿಸುತ್ತಿದ್ದವರು ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳು. ಬೂದಿ ಬೆರೆಸಿ, ಬೇವಿನೆಲೆ ಹಾಕಿ ಬೀಜ ಕಾಯ್ದವರೂ ಅವರೇ. ಮುಂದಿನ ವರ್ಷದ ಹೊಲ ಹೇಗಿರಬೇಕೆಂಬ ಚಿತ್ರ ಮೊದಲು ಮೂಡುತ್ತಿದ್ದದ್ದು ಅಡಿಗೆಮನೆಯ ಮೂಲೆಯ ಆ ಗಡಿಗೆಗಳಲ್ಲಿ. ಕೃಷಿಯ ಇತಿಹಾಸ ಬರೆದವರು ಈ ಮಾತಿಗೆ ಸಲ್ಲಬೇಕಾದ ಪುಟಗಳನ್ನು ಕೊಟ್ಟಿಲ್ಲ.

ಹೊರಗಿನ ಮೊದಲ ನಾಳೆ ಹಡಗಿನಲ್ಲಿ ಬಂತು. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜವನ್ನು ಧಾರವಾಡ ಸೀಮೆಗೆ ತಂದಿತು. ಹುಬ್ಬಳ್ಳಿ ಬಳಿಯ ಕುಸುಗಲ್ಲಿನಲ್ಲಿ ಪ್ರಯೋಗ ನಡೆಯಿತು. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಉದ್ದ ಎಳೆ ಬೇಕಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಿತು. ಮುಂಬಯಿಯ ಬೆಲೆ ಏರಿತು, ಈ ಭಾಗದ ರೈತರ ಕೈಗೆ ಹಿಂದೆಂದೂ ಕಾಣದಷ್ಟು ದುಡ್ಡು ಬಂತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಅದಾದ ಹನ್ನೊಂದು ವರ್ಷಕ್ಕೆ ಧಾತು ವರ್ಷದ ಬರ. 1876ರಿಂದ 78ರವರೆಗಿನ ಆ ಬರಗಾಲದಲ್ಲಿ ಬೆಳಗಾವಿ, ಧಾರವಾಡ, ಕಲಾದಗಿ ಮೂರೂ ಜಿಲ್ಲೆ ನರಳಿದವು. ಹಗೇವು ತುಂಬ ಜೋಳ ಇರಬೇಕೆಂಬ ಹಿರಿಯರ ಹಟಕ್ಕೆ ಕಾರಣ ಅಂಥ ವರ್ಷಗಳ ನೆನಪು. ಹತ್ತಿ ಬೈಲಹೊಂಗಲವನ್ನು ದೊಡ್ಡ ಪೇಟೆ ಮಾಡಿತು, ಜಿನ್ನಿಂಗ್ ಕಾರ್ಖಾನೆಗಳನ್ನು ತಂದಿತು, ಎಷ್ಟೋ ಮನೆಗಳ ಮಕ್ಕಳನ್ನು ಶಾಲೆಗೆ ಕಳಿಸಿತು. ಜೊತೆಗೆ, ಕಾಣದ ದೇಶದ ಯುದ್ಧವೊಂದು ಇಲ್ಲಿನ ಹೊಲದ ಬೆಲೆ ಕಟ್ಟುತ್ತದೆ ಎಂಬುದನ್ನೂ ಕಲಿಸಿತು.

ಸಂಸ್ಥಾನದ ಕಾಲದಲ್ಲಿ ರೈತನ ಕಲ್ಪನೆಗೆ ಬೇರೆಯದೇ ಅಡ್ಡಿಯಿತ್ತು. ರಾಮದುರ್ಗ ಸಂಸ್ಥಾನದಲ್ಲಿ 1930ರ ದಶಕದ ಕೊನೆಗೆ ಪ್ರಜಾ ಸಂಘ ಭೂಕಂದಾಯ ಇಳಿಸಬೇಕೆಂದು ಕೇಳಿತು. 1939ರ ಏಪ್ರಿಲ್‌ನಲ್ಲಿ ಅದು ರಕ್ತಪಾತದಲ್ಲಿ ಮುಗಿದದ್ದು ಸ್ವಾತಂತ್ರ್ಯ ಹೋರಾಟದ ಇತಿಹಾಸದ ನೋವಿನ ಪುಟ. ಅಂದಿನ ರೈತ ಕಂಡ ನಾಳೆಯಲ್ಲಿ ಹೊಸ ಬೀಜ ಇರಲಿಲ್ಲ, ಹೊಸ ಯಂತ್ರ ಇರಲಿಲ್ಲ. ಬೆಳೆದದ್ದರಲ್ಲಿ ತನ್ನ ಪಾಲು ತನಗೆ ಉಳಿಯಬೇಕು, ಅಷ್ಟೇ ಇತ್ತು.

ಸ್ವಾತಂತ್ರ್ಯ ಬಂದ ಮೇಲೆ ನಾಳೆಗೆ ಇನ್ನೊಂದು ರೂಪ ಬಂತು. ಮುನವಳ್ಳಿ ಸಮೀಪದ ನವಿಲುತೀರ್ಥದಲ್ಲಿ ಗುಡ್ಡ ಸೀಳಿ ಹರಿಯುವ ಮಲಪ್ರಭೆಗೆ ಒಡ್ಡು ಹಾಕುವ ಯೋಜನೆ ಅದು. 1970ರ ದಶಕದ ಆರಂಭದಲ್ಲಿ ಕಟ್ಟೆ ಎದ್ದು ನಿಂತಿತು. 37.73 ಟಿಎಂಸಿ ಅಡಿ ನೀರು ಹಿಡಿಯುವ ರೇಣುಕಾಸಾಗರ, ಎರಡು ಲಕ್ಷ ಹೆಕ್ಟೇರಿಗೂ ಮೇಲ್ಪಟ್ಟು ನೀರಾವರಿಯ ಗುರಿ. ಒಣ ಹೊಲದ ರೈತನಿಗೆ ಇದಕ್ಕಿಂತ ದೊಡ್ಡ ಕನಸು ಯಾರೂ ತೋರಿಸಿರಲಿಲ್ಲ. ಹತ್ತಿ, ಜೋಳ, ಗೋಧಿಯಂಥ ಕಡಿಮೆ ನೀರಿನ ಬೆಳೆಗೆ ಹಗುರ ನೀರು ಕೊಟ್ಟು ಹೆಚ್ಚು ಹೊಲ ತೋಯಿಸುವುದು ಯೋಜನೆಯ ಲೆಕ್ಕವಾಗಿತ್ತು. ಕೆನಾಲಿನ ತಲೆಯಲ್ಲಿದ್ದ ಹೊಲಗಳಿಗೆ ನೀರು ಸಿಕ್ಕೊಡನೆ ಅಲ್ಲಿನ ಬೆಳೆ ಬದಲಾಯಿತು, ಬಾಲದವರೆಗೆ ನೀರು ಮುಟ್ಟಲಿಲ್ಲ. ನೀರು ನಿಂತ ಎರೆ ಭೂಮಿ ಸವಳು-ಜವಳಾಯಿತು. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದು ಕಾಲು ಇಳಿಯುವಷ್ಟು ಬಾಯಿ ತೆರೆಯುತ್ತದೆ, ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಂಡು ತಿಂಗಳುಗಟ್ಟಲೆ ಹಸಿ ಹಿಡಿದಿಡುತ್ತದೆ. ಆ ಹಸಿಯ ಮೇಲೆಯೇ ಹಿಂಗಾರಿ ಜೋಳ ಬರುತ್ತದೆ. ಹರಿನೀರು ಅತಿಯಾದರೆ ಅದೇ ಗುಣ ಮುಳುವಾಗುತ್ತದೆ. ಮಣ್ಣಿನ ಈ ಸ್ವಭಾವ ಒಕ್ಕಲಿಗನಿಗೆ ಗೊತ್ತಿತ್ತು. ಬಸಿಗಾಲುವೆಗಳ ಯೋಚನೆ ಮಾತ್ರ ಹಾನಿಯಾದ ಮೇಲೆ ಬಂತು.

ನೀರು ಬರುವ ಮುಂಚೆಯೇ ಕರ ಬಂದದ್ದು 1980ರ ಬಂಡಾಯಕ್ಕೆ ಕಾರಣವಾಯಿತು. ಅಭಿವೃದ್ಧಿ ಕರ, ನೀರಿನ ಕರದ ವಸೂಲಿ ನೋಟಿಸುಗಳು ಹೊಲಕ್ಕೆ ಹನಿ ನೀರು ಕಾಣದವರ ಮನೆಗೂ ಹೋದವು. ನವಲಗುಂದ, ನರಗುಂದ, ಸವದತ್ತಿ ಮೂರೂ ತಾಲ್ಲೂಕುಗಳ ರೈತರು ಒಂದಾದರು. 1980ರ ಜುಲೈ 21ರಂದು ಗೋಲಿಬಾರ್ ನಡೆಯಿತು. ನರಗುಂದದಲ್ಲಿ ಈರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಬಲಿಯಾದರು. ಇಂದಿಗೂ ಆ ದಿನ ರೈತ ಹುತಾತ್ಮ ದಿನ. ಗುಂಡೂರಾವ್ ಸರ್ಕಾರ 1983ರ ಚುನಾವಣೆಯಲ್ಲಿ ಸೋಲಲು ಈ ಬಂಡಾಯವೂ ಒಂದು ಕಾರಣವೆಂದು ಅಂದಿನವರು ಹೇಳುತ್ತಾರೆ. ರಾಜ್ಯ ರೈತ ಸಂಘ ಹುಟ್ಟಿದ್ದೂ 1980ರಲ್ಲೇ. ಬೈಲಹೊಂಗಲ ತಾಲ್ಲೂಕಿನ ಚಿಕ್ಕಬಾಗೇವಾಡಿಯ ಬಾಬಾಗೌಡ ಪಾಟೀಲರು ಹಸಿರು ಟವೆಲ್ ಹೆಗಲಿಗೇರಿಸಿಕೊಂಡು 1989ರಲ್ಲಿ ಕಿತ್ತೂರು ಮತ್ತು ಧಾರವಾಡ ಗ್ರಾಮೀಣ ಎರಡೂ ಕ್ಷೇತ್ರಗಳಿಂದ ವಿಧಾನಸಭೆಗೆ ಗೆದ್ದರು. ಅವರು ಬಿಟ್ಟುಕೊಟ್ಟ ಧಾರವಾಡ ಗ್ರಾಮೀಣದಿಂದ ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಶಾಸನಸಭೆ ಸೇರಿದರು. ಬಾಬಾಗೌಡರು ಮುಂದೆ 1998ರಲ್ಲಿ ಬೆಳಗಾವಿಯ ಸಂಸದರಾಗಿ ವಾಜಪೇಯಿ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ರಾಜ್ಯ ಸಚಿವರೂ ಆದರು, 2021ರಲ್ಲಿ ತೀರಿಕೊಂಡರು.

ಆ ಹತ್ತು ವರ್ಷಗಳ ದೊಡ್ಡ ಗಳಿಕೆ ಕರಮನ್ನಾ ಒಂದೇ ಅಲ್ಲ. ಕೃಷಿಯ ಮುಂದಿನ ದಾರಿ ಯಾವುದು ಎಂಬ ಮಾತು ಆಗ ಚಾವಡಿಯಲ್ಲಿ, ಸಂತೆಯಲ್ಲಿ, ಬಸ್‌ನಿಲ್ದಾಣದಲ್ಲಿ ನಡೆಯಿತು. ಉತ್ಪಾದನಾ ವೆಚ್ಚ ಅನ್ನುವ ಪದವನ್ನು ಓದುಬರಹ ಇಲ್ಲದ ರೈತನೂ ಬಳಸಿದ. ಸಾಲಕ್ಕೆ ಮನೆ ಜಪ್ತಿ ಮಾಡಲು ಬಂದವರನ್ನು ಊರ ಅಗಸಿಯಲ್ಲಿಯೇ ನಿಲ್ಲಿಸಿ ಲೆಕ್ಕ ಕೇಳಿದ. ರೈತನೂ ದೇಶದ ಅರ್ಥಶಾಸ್ತ್ರದ ಬಗ್ಗೆ ಮಾತಾಡಬಹುದು ಅನ್ನುವ ಧೈರ್ಯ ಈ ನೆಲಕ್ಕೆ ಬಂದದ್ದು ಆಗ. ಸಂಘ ಒಡೆದು ಹೋಳಾದ ಮೇಲೆ ಕಳೆದುಹೋದದ್ದೂ ಮಾತಿನ ಆ ಜಾಗವೇ.

ಇದೇ ಹೊತ್ತಿಗೆ ಹತ್ತಿ ಮತ್ತೊಮ್ಮೆ ವೇಷ ಬದಲಿಸಿತ್ತು. 1972ರಲ್ಲಿ ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಟರಕಿ ಅವರು ವರಲಕ್ಷ್ಮಿ ತಳಿ ಕೊಟ್ಟರು. ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ವಾಣಿಜ್ಯ ಬೇಸಾಯಕ್ಕೆ ಬಂದ ಮೊದಲ ಸಂಕರ ತಳಿ ಅದು. 1980ರ ದಶಕದಲ್ಲಿ ಡಿಸಿಎಚ್-32, ಜನ ಜಯಲಕ್ಷ್ಮಿ ಎಂದು ಕರೆದದ್ದು, ಮನೆಮಾತಾಯಿತು. ಉದ್ದ ಎಳೆ, ಒಳ್ಳೆ ಬೆಲೆ. ಆದರೆ ಜಯಧರದಂಥ ಜವಾರಿ ಹತ್ತಿಗೆ ಬೇಡವಾಗಿದ್ದ ಔಷಧ ಇದಕ್ಕೆ ಬೇಕಾಯಿತು. ಪ್ರತಿ ವರ್ಷ ಬೀಜ ಕೊಳ್ಳಬೇಕಾಯಿತು, ಕಾಯಿಕೊರಕ ಬಂದಾಗ ಡಬ್ಬಿ ಮೇಲೆ ಡಬ್ಬಿ ಸಿಂಪಡಿಸಬೇಕಾಯಿತು. 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಮೊದಲ ವರ್ಷಗಳಲ್ಲಿ ಸಿಂಪರಣೆ ಇಳಿಯಿತು, ಆಮೇಲೆ ಗುಲಾಬಿ ಕಾಯಿಕೊರಕ ಅದನ್ನೂ ಜೀರ್ಣಿಸಿಕೊಂಡಿತು. ಬೈಲಹೊಂಗಲದ ಎಷ್ಟೋ ಹೊಲಗಳು ಹತ್ತಿ ಬಿಟ್ಟು ಸೋಯಾಬಿನ್ನಿಗೆ ತಿರುಗಿದವು. ಸೋಯಾಕ್ಕೆ ತುಕ್ಕು ರೋಗ ಬಂದಾಗ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಎಸ್‌ಬಿ-21 ತಳಿ ನೆರವಿಗೆ ಬಂತು. ಸಂಶೋಧಕರ ಶ್ರಮವನ್ನು ಕಡೆಗಣಿಸಲಾಗದು. ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಂಥವು ಹಳ್ಳಿಯ ಬಾಗಿಲಿಗೆ ಆ ವಿಜ್ಞಾನವನ್ನು ಒಯ್ದಿವೆ. ಆದರೆ ಟ್ರ್ಯಾಕ್ಟರ್ ಬಿತ್ತಿಗೆ, ಕಳೆನಾಶಕ ಎರಡೂ ಬಂದ ಮೇಲೆ ಅಕ್ಕಡಿ ಸಾಲಿಗೆ ಹೊಲದಲ್ಲಿ ಎಡೆಯಿಲ್ಲ. ಒಂದು ಬೆಳೆಯನ್ನು ಉಳಿಸುವ ಔಷಧ ಉಳಿದೆಲ್ಲ ಕಾಳಿನ ಸಸಿಗಳನ್ನು ಕಳೆಯೆಂದೇ ಸುಡುತ್ತದೆ.

ಉತ್ತರದ ಶ್ರೀಮಂತ ದೇಶಗಳ ರೈತ ತನ್ನ ನಾಳೆಯನ್ನು ಹೇಗೆ ಕಾಣುತ್ತಾನೆ? ಕರ್ನಾಟಕದ ರೈತರಿಗೆ ಅದನ್ನು ಕಣ್ಣಾರೆ ನೋಡುವ ಅವಕಾಶ ಒಮ್ಮೆ ಬಂದಿತ್ತು. 1999ರ ಬೇಸಿಗೆಯಲ್ಲಿ ಸುಮಾರು 400 ಭಾರತೀಯ ರೈತರು, ಅವರಲ್ಲಿ ದೊಡ್ಡ ಪಾಲು ರಾಜ್ಯ ರೈತ ಸಂಘದವರು, ಬಸ್ಸುಗಳಲ್ಲಿ ಯುರೋಪ್ ಸುತ್ತಿದರು. ಜಿ-8 ಶೃಂಗಸಭೆ ನಡೆಯುತ್ತಿದ್ದ ಜರ್ಮನಿಯ ಕಲೋನ್ ನಗರದವರೆಗೆ ಹೋಗಿ ವಿಶ್ವ ವ್ಯಾಪಾರ ಒಪ್ಪಂದಗಳ ವಿರುದ್ಧ ದನಿ ಎತ್ತಿದರು.

ಆಮೇಲಿನ ಇಪ್ಪತ್ತು ವರ್ಷಗಳಲ್ಲಿ ಆ ದೇಶಗಳಲ್ಲಿಯೇ ಟ್ರ್ಯಾಕ್ಟರುಗಳು ರಸ್ತೆಗಿಳಿದವು. 2019ರ ಅಕ್ಟೋಬರ್ 1ರಂದು ನೆದರ್‌ಲ್ಯಾಂಡ್ಸ್ ರೈತರು ಸಾರಜನಕ ಮಾಲಿನ್ಯದ ಕಟ್ಟಳೆಗಳ ವಿರುದ್ಧ ಹೇಗ್ ನಗರಕ್ಕೆ ನುಗ್ಗಿದರು. 2023ರ ಮಾರ್ಚ್ ಪ್ರಾಂತೀಯ ಚುನಾವಣೆಯಲ್ಲಿ ರೈತರ ಪರ ಹೊಸ ಪಕ್ಷವೊಂದು ಮೊದಲ ಸ್ಥಾನಕ್ಕೆ ಬಂತು. ಡೆನ್ಮಾರ್ಕ್ ಬೇರೆ ದಾರಿ ಹಿಡಿಯಿತು. 2024ರಲ್ಲಿ ಸರ್ಕಾರ, ರೈತ ಸಂಘಟನೆ, ಪ್ರಕೃತಿ ಸಂರಕ್ಷಣೆಯ ಸಂಸ್ಥೆ ಮತ್ತು ಇತರರು ಒಂದೇ ಮೇಜಿನ ಸುತ್ತ ಕುಳಿತು, ದನ-ಹಂದಿ ಸಾಕಣೆಯಿಂದ ಹೊರಬೀಳುವ ಅನಿಲಕ್ಕೆ 2030ರಿಂದ ತೆರಿಗೆ ಎಂದು ಒಪ್ಪಿದರು. ಎರಡೂವರೆ ಲಕ್ಷ ಹೆಕ್ಟೇರ್ ನೆಲವನ್ನು ಕಾಡಿಗೆ ಬಿಡುವ ಮಾತೂ ಅದರಲ್ಲಿದೆ. ಒಪ್ಪಂದ ಸರಿಯೋ ತಪ್ಪೋ ಅನ್ನುವ ವಾದ ಅಲ್ಲಿಯೂ ಮುಗಿದಿಲ್ಲ. ತೊರಗಲ್ ಸೀಮೆಗೆ ಅದರಿಂದ ತಿಳಿಯುವುದು ಇಷ್ಟು: ಕಹಿ ನಿರ್ಧಾರವಾದರೂ ರೈತ ಸಂಘಟನೆ ಮೇಜಿನ ಒಂದು ಬದಿಯಲ್ಲಿ ಕುಳಿತಿತ್ತು.

ಇಲ್ಲಿ ಕಬ್ಬಿನ ವಿಷಯದಲ್ಲಿ ಅಂಥ ಮೇಜು ಹೆದ್ದಾರಿಯ ಮೇಲೆಯೇ ಹಾಕಬೇಕಾಗುತ್ತದೆ. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಕಾರ್ಖಾನೆಯಿಂದ ಶುರುವಾಗಿ ಮುನವಳ್ಳಿ, ರಾಮದುರ್ಗದವರೆಗೆ ಸಕ್ಕರೆ ಕಾರ್ಖಾನೆಗಳ ಚಿಮಣಿಗಳು ಎದ್ದಿವೆ. ನೀರಿದ್ದ ಹೊಲದವನಿಗೆ ಕಬ್ಬು ಬಿಟ್ಟರೆ ಬೇರೆ ಭರವಸೆ ಕಾಣುವುದಿಲ್ಲ. ಆಳು ಕಡಿಮೆ, ಕುಳೆಯೂ ಬರುತ್ತದೆ, ಪೇಟೆಗೆ ಹೊತ್ತು ತಿರುಗಬೇಕಿಲ್ಲ. 2025-26ರ ಹಂಗಾಮಿಗೆ ಕೇಂದ್ರ ಗೊತ್ತುಮಾಡಿದ ದರ ಶೇ 10.25 ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಬೇಕೆಂದು ಹಗಲುರಾತ್ರಿ ಕುಳಿತರು. ಸರ್ಕಾರ 3,300ಕ್ಕೆ ಒಪ್ಪಿಸಿತು. ಪೆಟ್ರೋಲಿಗೆ ಶೇ 20 ಎಥೆನಾಲ್ ಬೆರೆಸುವ ಮಟ್ಟಕ್ಕೆ ದೇಶ ಬಂದಿರುವುದರಿಂದ ಕಬ್ಬಿಗೂ ಗೋವಿನಜೋಳಕ್ಕೂ ಹೊಸ ಗಿರಾಕಿ ಸಿಕ್ಕಿದ್ದಾನೆ. ಹೊಲದ ಬೆಳೆ ಗಾಡಿ ಓಡಿಸುತ್ತದೆ ಎಂದಾದರೆ ಗಾಡಿಯ ಲಾಭದಲ್ಲಿ ಹೊಲಕ್ಕೆ ಎಷ್ಟು ಪಾಲು? ಕಬ್ಬು ಬೆಳೆಗಾರ ಕಾಣುವ ನಾಳೆಯೆಲ್ಲ ಈ ಪ್ರಶ್ನೆಯ ಸುತ್ತ ಇದೆ, ಮತ್ತು ಅದು ನ್ಯಾಯವಾದ ಪ್ರಶ್ನೆ.

ಕೆನಾಲಿನ ಬಾಲದ ರೈತನ ನಾಳೆಗೆ ಮಾತ್ರ ಮೂರು ದಶಕಗಳಿಂದ ಒಂದೇ ಹೆಸರು: ಕಳಸಾ-ಬಂಡೂರಿ. ಮಹದಾಯಿ ಕಣಿವೆಯ ಆ ಹಳ್ಳಗಳ 7.56 ಟಿಎಂಸಿ ನೀರನ್ನು ಮಲಪ್ರಭೆಗೆ ತಿರುಗಿಸುವ ಯೋಚನೆ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ ಆಗಿದ್ದಾಗಿನದು. ಹುಬ್ಬಳ್ಳಿ-ಧಾರವಾಡ ಕುಡಿಯುವ ನೀರೂ ರೇಣುಕಾಸಾಗರದಿಂದಲೇ ಹೋಗುವುದರಿಂದ ಜಲಾಶಯದ ಮೇಲಿನ ಭಾರ ವರ್ಷದಿಂದ ವರ್ಷಕ್ಕೆ ಏರಿತು. ಮಹದಾಯಿ ನೀರಿನ ವಿವಾದಕ್ಕೆ 2010ರಲ್ಲಿ ನ್ಯಾಯಮಂಡಳಿ ಬಂತು. 2015ರ ಜುಲೈಯಲ್ಲಿ ನರಗುಂದದಲ್ಲಿ ಧರಣಿ ಕುಳಿತ ರೈತರು ವರ್ಷಗಟ್ಟಲೆ ಏಳಲಿಲ್ಲ. 2018ರ ಆಗಸ್ಟ್ 14ರ ತೀರ್ಪು ರಾಜ್ಯಕ್ಕೆ 13.42 ಟಿಎಂಸಿ ಕೊಟ್ಟಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಲು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9. 2020ರ ಫೆಬ್ರುವರಿಯಲ್ಲಿ ಅಧಿಸೂಚನೆ, 2022ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗದ ಒಪ್ಪಿಗೆ. ಪಶ್ಚಿಮ ಘಟ್ಟದ ಕಾಡು, ಗೋವಾದ ತಕರಾರು, ವನ್ಯಜೀವಿ ಅನುಮತಿ ಎಲ್ಲ ಸೇರಿ ನೀರು ಇನ್ನೂ ದೂರವೇ. ಕಾಡು ಉಳಿಯಬೇಕೆನ್ನುವವರ ಮಾತಿನಲ್ಲಿ ಸತ್ಯವಿದೆ: ಹೊಳೆ ಹುಟ್ಟುವುದೇ ಆ ಕಾಡಿನಿಂದ. ಹಾಗೆಂದು ಧರಣಿಯಲ್ಲಿ ಕುಳಿತು ಮುದುಕರಾದವರ ಹಂಬಲವನ್ನು ಹಗುರ ಮಾಡುವುದು ತರವಲ್ಲ. ಆದರೆ 3.9 ಟಿಎಂಸಿ ಬಂದರೂ ಪ್ರತಿ ಹೊಲಕ್ಕೆ ನೀರು ಹರಿಯುವುದಿಲ್ಲ. ಕುಡಿಯುವ ನೀರಿನ ಭಾರ ಇಳಿದರೆ ಅದೇ ದೊಡ್ಡದು. ಈ ಲೆಕ್ಕವನ್ನು ರೈತರ ಮುಂದೆ ಬಿಚ್ಚಿ ಹೇಳುವ ಧೈರ್ಯ ವೇದಿಕೆ ಏರಿದ ಮುಖಂಡರಿಗೆ ಇರಬೇಕಿತ್ತು.

ಇದರ ನಡುವೆ ಮಳೆಯೇ ನಡತೆ ಬದಲಿಸಿದೆ. 2019ರ ಆಗಸ್ಟಿನಲ್ಲಿ ಜಲಾಶಯ ತುಂಬಿ, ಹೊರಬಿಟ್ಟ ನೀರಿಗೆ ಮುನವಳ್ಳಿ, ರಾಮದುರ್ಗ ಕಡೆಯ ಹೊಳೆದಂಡೆಯ ಮನೆ, ಹೊಲ, ಕೈಮಗ್ಗ ಮುಳುಗಿದವು. ನಾಲ್ಕು ವರ್ಷದ ಮೇಲೆ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಮಿರಗಕ್ಕೆ ಬಿತ್ತಿ ಮಗಿಗೆ ಎಡೆ ಹೊಡೆಯುವ ಹಿರಿಯರ ಲೆಕ್ಕ ಹಿಡಿದು ಕೂತರೆ ಬೀಜ ಮಣ್ಣಲ್ಲೇ ಹೋಗುತ್ತದೆ, ಮೊಬೈಲಿನ ಮುನ್ಸೂಚನೆ ನಂಬಿದರೂ ಪಕ್ಕದ ಊರಿಗೆ ಬಿದ್ದ ಮಳೆ ತನ್ನ ಹೊಲಕ್ಕೆ ಬೀಳುವುದಿಲ್ಲ. 2016ರಿಂದ ಇರುವ ಫಸಲ್ ಬಿಮಾ ಹೋಬಳಿ, ಪಂಚಾಯಿತಿ ಮಟ್ಟದ ಸರಾಸರಿ ಹಿಡಿಯುತ್ತದೆ. ಹಾನಿ ಒಬ್ಬೊಬ್ಬನ ಹೊಲದಲ್ಲಿ ಆಗುತ್ತದೆ. 2014ರಲ್ಲಿ ಬಂದ ಕೃಷಿಭಾಗ್ಯದ ಹೊಂಡಗಳು ಇಂಥ ಕಾಲಕ್ಕೆ ಹೇಳಿ ಮಾಡಿಸಿದ ಕೆಲಸ. ಹೊಲದ ಇಳಿಜಾರಿನ ಮೂಲೆಯಲ್ಲಿ ಒಂದು ಹೊಂಡ, ತಳಕ್ಕೆ ಕರಿ ಪ್ಲಾಸ್ಟಿಕ್ ಹಾಳೆ, ಸುತ್ತ ತಂತಿ ಬೇಲಿ, ಎಂಜಿನ್ನು, ತುಂತುರು ಪೈಪು. ಕಾಳು ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಾಗ ಒಂದೇ ಒಂದು ಸಲ ತೋಯಿಸಿದರೂ ಕಡಲೆ ಉಳಿಯುತ್ತದೆ. ದೊಡ್ಡ ಅಣೆಕಟ್ಟಿಗೆ ಸಿಕ್ಕ ಮರ್ಯಾದೆ ಈ ಹೊಂಡಕ್ಕೆ ಸಿಕ್ಕಿಲ್ಲ, ಸಿಗಬೇಕು.

ಈಗ ಎಲ್ಲಕ್ಕಿಂತ ಕಷ್ಟದ ಮಾತು. 2003ರ ರಾಷ್ಟ್ರೀಯ ಮಾದರಿ ಸಮೀಕ್ಷೆ ದೇಶದ ರೈತರನ್ನು ನೇರವಾಗಿ ಕೇಳಿತ್ತು. ಬೇರೆ ದಾರಿ ಸಿಕ್ಕರೆ ಒಕ್ಕಲುತನ ಬಿಡುತ್ತೇವೆ ಎಂದವರು ಶೇ 40ರಷ್ಟು. ರಾಜ್ಯದಲ್ಲಿ 1970-71ರಲ್ಲಿ ಸರಾಸರಿ ಹಿಡುವಳಿ 3.20 ಹೆಕ್ಟೇರ್ ಇತ್ತು. 2015-16ರ ಗಣತಿಗೆ 1.36ಕ್ಕೆ ಇಳಿದಿತ್ತು. ಅಣ್ಣತಮ್ಮಂದಿರ ಪಾಲಿನ ನಡುವೆ ಬದು ಹೆಚ್ಚಾದವು, ಎತ್ತು ತಿರುಗಲು ಜಾಗ ಕಡಿಮೆಯಾಯಿತು, ಎತ್ತೇ ಹೋದವು. ಹೊಲ ಲಾವಣಿಗೆ ಹಾಕಿ ಬೆಳಗಾವಿ, ಹುಬ್ಬಳ್ಳಿ, ಪುಣೆಗೆ ಹೋದವರ ಮನೆಗಳು ಪ್ರತಿ ಊರಲ್ಲೂ ಇವೆ. 2020ರ ತಿದ್ದುಪಡಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದು, ಒಕ್ಕಲುತನ ಗೊತ್ತಿಲ್ಲದವರಿಗೂ ಹೊಲ ಕೊಳ್ಳುವ ದಾರಿ ತೆರೆಯಿತು. ಸವದತ್ತಿಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ, ಕಿತ್ತೂರಿನ ಮೇಲೆ ಹಾದು ಧಾರವಾಡ-ಬೆಳಗಾವಿ ಹೊಸ ರೈಲುಮಾರ್ಗ ಬರಲಿದೆ. ನೆಲಕ್ಕೆ ಬೆಳೆಯ ಬೆಲೆ ಒಂದು, ಮಾರಾಟದ ಬೆಲೆ ಇನ್ನೊಂದು ಆದಾಗ ಮಗನಿಗೆ ಯಾವುದನ್ನು ಬಿಟ್ಟುಹೋಗಬೇಕು ಎಂಬ ಗೊಂದಲ ತಂದೆಗೆ ಸಹಜ. ಹೊಲದಲ್ಲಿ ದುಡಿಯುವ ಹುಡುಗನಿಗೆ ಹೆಣ್ಣು ಸಿಗುವುದಿಲ್ಲ ಅನ್ನುವ ಅಳಲೂ ಇದೆ. 2023ರಲ್ಲಿ ಮಂಡ್ಯ ಕಡೆಯ ಅವಿವಾಹಿತ ರೈತ ಯುವಕರು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟಾಗ ನಕ್ಕವರಿದ್ದರು. ನಗುವ ವಿಷಯವಲ್ಲ ಅದು. ಹೆಣ್ಣು ಹೆತ್ತವರು ಕೃಷಿಯ ನಾಳೆಯ ಬಗ್ಗೆ ಕೊಟ್ಟ ತೀರ್ಪು ಅದು, ಮತ್ತು ಆ ತೀರ್ಪಿನ ಹಿಂದೆ ತಾಯಂದಿರ ಅನುಭವವಿದೆ. ಬೀಜದ ಗಡಿಗೆ ಕಾಯ್ದ ಕೈಗೆ ಹೊಲದ ಪಹಣಿಯಲ್ಲಿ ಹೆಸರಿಲ್ಲದಿದ್ದರೆ, ಮಗಳಿಗಾದರೂ ಬೇರೆ ಬದುಕು ಇರಲಿ ಎಂದು ಆಕೆ ಬಯಸುವುದರಲ್ಲಿ ತಪ್ಪೇನು?

ಹಾಗಾದರೆ ಇಂದಿನ ತೊರಗಲ್ ಸೀಮೆಯ ರೈತ ಏನನ್ನು ಬಯಸುತ್ತಾನೆ? ಉತ್ತರ ಒಂದೇ ಅಲ್ಲ. ಕಿತ್ತೂರು ಕಡೆಯವನಿಗೆ ಹೆದ್ದಾರಿಯ ಪಕ್ಕದ ಹೊಲ ಉಳಿಯುತ್ತದೋ ಇಲ್ಲವೋ ಎಂಬ ಚಿಂತೆ. ಬೈಲಹೊಂಗಲದವನಿಗೆ ಸೋಯಾ, ಹತ್ತಿಗೆ ಪೇಟೆಯಲ್ಲಿ ನಿಲ್ಲುವ ಬೆಲೆ ಬೇಕು. ಸವದತ್ತಿಯವನಿಗೆ ಕೆನಾಲಿನ ನೀರು ಯಾವ ವಾರ ಬರುತ್ತದೆ ಎಂದು ಮೊದಲೇ ಗೊತ್ತಾಗಬೇಕು. ರಾಮದುರ್ಗದ ಮಸಾರಿಯವನಿಗೆ ಒಂದು ಹೊಂಡ, ನಾಲ್ಕು ಆಡು, ಸಜ್ಜೆ-ನವಣೆ ಕೊಳ್ಳುವ ಗಿರಾಕಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಬೆಂಗಳೂರಿನ ಮೇಳಗಳಲ್ಲಿ ನವಣೆ ಪೊಟ್ಟಣಕ್ಕೆ ಬೆಲೆ ಬಂತು; ಆ ಬೆಲೆ ಬೆಳೆದವನ ಮನೆವರೆಗೆ ತಲುಪುವ ದಾರಿ ಇನ್ನೂ ಆಗಬೇಕಿದೆ. ದೊಡ್ಡ ಕನಸಿನ ಕಾಲದಲ್ಲಿ ಇವು ಸಣ್ಣ ಬೇಡಿಕೆಗಳಂತೆ ಕೇಳಿಸಬಹುದು. ಆದರೆ ಇವೆಲ್ಲವೂ ಮಾಡಲು ಆಗುವಂಥವು, ಮತ್ತು ಎಲ್ಲವೂ ರೈತನ ಲೆಕ್ಕದಿಂದ ಹೊರಟಂಥವು.

ಆದ್ದರಿಂದ ಈ ಉಪನ್ಯಾಸ ಕೇಳುವುದು ಒಂದು ಪದ್ಧತಿಯನ್ನು. ಪ್ರತಿ ವರ್ಷ ವೈಶಾಖದಲ್ಲಿ, ಅಂಗಡಿಗೆ ಬೀಜದ ಚೀಲ ಬರುವ ಮುಂಚೆ, ಹೋಬಳಿಗೊಂದು ಸಭೆ ಆಗಬೇಕು. ಕೃಷಿ ಇಲಾಖೆ, ಅಚ್ಚುಕಟ್ಟು ಪ್ರದೇಶದ ಪ್ರಾಧಿಕಾರವಾದ ಕಾಡಾ, ವಿಶ್ವವಿದ್ಯಾಲಯ, ಸಕ್ಕರೆ ಕಾರ್ಖಾನೆ, ಬ್ಯಾಂಕು ಎಲ್ಲರೂ ಅಲ್ಲಿರಲಿ. ಮೊದಲ ಮಾತು ರೈತರದಾಗಲಿ, ಅದರಲ್ಲೂ ಹೆಣ್ಣುಮಕ್ಕಳದು. ಯಾವ ಹೊಲಕ್ಕೆ ಯಾವ ಬೆಳೆ, ಜೊತೆಗೆ ಯಾವ ಅಕ್ಕಡಿ, ಹತ್ತು ವರ್ಷದ ಮೇಲೆ ಈ ನೆಲದ ಮೇಲೆ ಯಾರು ಇರುತ್ತಾರೆ ಎಂದು ಅವರು ಹೇಳಲಿ, ಅಧಿಕಾರಿಗಳು ಬರೆದುಕೊಳ್ಳಲಿ. ಜಲಾಶಯದಲ್ಲಿ ಎಷ್ಟು ನೀರಿದೆ, ಕುಡಿಯಲು ಎಷ್ಟು, ಕೆನಾಲಿಗೆ ಎಷ್ಟು ಎಂಬ ಪಟ್ಟಿ ಅದೇ ದಿನ ಗೋಡೆಗೆ ಹಚ್ಚಲಿ. ಹಿಂದಿನ ವರ್ಷ ಬರೆದುಕೊಂಡದ್ದರಲ್ಲಿ ಏನಾಯಿತು ಎಂದು ಮರುವರ್ಷದ ಸಭೆ ಶುರುವಾಗುವ ಮುಂಚೆ ಓದಿ ಹೇಳಲಿ. ಕಿತ್ತೂರಿನ ಸಭೆಯಲ್ಲಿ ಓದಿದ ಕಾಗದವನ್ನೇ ರಾಮದುರ್ಗಕ್ಕೂ ಒಯ್ಯಬಾರದು. ರಾಮದುರ್ಗದೊಳಗೂ ಸುರೇಬಾನದ ಎರೆ ಹೊಲಕ್ಕೆ ಒಂದು, ಗುಡ್ಡದ ಮಸಾರಿಗೆ ಇನ್ನೊಂದು ಕಾಗದ ಬೇಕು.